ಬಾನುಲಿ ನಾಟಕ: ನಿರ್ಮಾಪಕರು ಪ್ರಸ್ತಾವನೆ ಸಲ್ಲಿಸುವ ಕ್ರಮ

ಪೀಠಿಕೆ

ಬಾನುಲಿ ನಿಲಯಕ್ಕಾಗಿ ಅಥವಾ ಪ್ರಾಯೋಜಕ ಇಲಾಖೆಯೊಂದಕ್ಕಾಗಿ ಹೊರಗಿನ ನಿರ್ಮಾಪಕರು ಸಿದ್ಧಪಡಿಸಿಕೊಡುವ ನಾಟಕವನ್ನು ನಿಯೋಜಿತ ನಾಟಕವೆಂದು ಕರೆಯಲಾಗುತ್ತದೆ. ಇಂತಹ ನಾಟಕಕ್ಕೆ ಮೊದಲ ಆಧಾರವೇ ಲಿಖಿತ ಪ್ರಸ್ತಾವನೆ. ಕಥೆ ಯಾರದು, ಬರೆಯುವವರು ಯಾರು, ಧ್ವನಿ ನೀಡುವವರು ಯಾರು, ಮುದ್ರಿತ ನಾಟಕವನ್ನು ಎಲ್ಲಿ ಎಷ್ಟು ಬಾರಿ ಪ್ರಸಾರ ಮಾಡಬಹುದು ಎಂಬ ಪ್ರಶ್ನೆಗಳಿಗೆ ಪ್ರಸ್ತಾವನೆಯ ಹಂತದಲ್ಲಿಯೇ ಉತ್ತರವಿರಬೇಕು. ಈ ಅಂಶಗಳನ್ನು ಬಾಯಿಮಾತಿಗೆ ಬಿಟ್ಟಲ್ಲಿ, ಮೂಲ ಲೇಖಕರು, ನಾಟಕಕಾರರು ಮತ್ತು ನಿರ್ಮಾಪಕರು ಮುಂದೆ ತಮ್ಮ ಹಕ್ಕನ್ನು ಸ್ಥಾಪಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಪ್ರಸ್ತಾವನೆಯ ಸ್ವರೂಪ ಮತ್ತು ಅದಕ್ಕೆ ಸಂಬಂಧಿಸಿದ ಕಾನೂನಿನ ಮುಖ್ಯಾಂಶಗಳನ್ನು ಆಸಕ್ತರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಬಾನುಲಿ ಪ್ರಸಾರವು 1935ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಈ ಪ್ರಸಾರವನ್ನು ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ಈ ಕೇಂದ್ರದೊಂದಿಗೆ ಬೆಳೆದು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. 1950ರಲ್ಲಿ ಧಾರವಾಡ ನಿಲಯವೂ 1955ರಲ್ಲಿ ಬೆಂಗಳೂರು ನಿಲಯವೂ ಕಾರ್ಯಾರಂಭ ಮಾಡಿದವು. 1956ರಲ್ಲಿ ಆರಂಭವಾದ ನಾಟಕಗಳ ರಾಷ್ಟ್ರೀಯ ಕಾರ್ಯಕ್ರಮದಿಂದಾಗಿ ಒಂದು ಭಾಷೆಯ ನಾಟಕವು ಇತರ ಭಾರತೀಯ ಭಾಷೆಗಳ ಕೇಳುಗರಿಗೂ ದೊರೆಯುವಂತಾಯಿತು. 1990ರ ಪ್ರಸಾರ ಭಾರತಿ ಅಧಿನಿಯಮದ ಮೇರೆಗೆ 1997ರಲ್ಲಿ ರಚನೆಯಾದ ಪ್ರಸಾರ ಭಾರತಿ ನಿಗಮದ ಆಡಳಿತಕ್ಕೆ ಆಕಾಶವಾಣಿಯು ಒಳಪಟ್ಟಿದೆ.

ನಾಟಕದ ಪ್ರಕಾರಗಳು

ಪ್ರಸ್ತಾವನೆಯು ಯಾವ ಪ್ರಕಾರಕ್ಕೆ ಸೇರಿದೆ ಎಂಬುದನ್ನು ಆರಂಭದಲ್ಲಿಯೇ ನಮೂದಿಸಬೇಕು. ಪ್ರಕಾರಕ್ಕೆ ತಕ್ಕಂತೆ ಲಗತ್ತಿಸಬೇಕಾದ ದಾಖಲೆಗಳೂ ಬದಲಾಗುತ್ತವೆ.

1. ಸ್ವತಂತ್ರ ನಾಟಕ: ಬಾನುಲಿಗಾಗಿಯೇ ಹೊಸದಾಗಿ ರಚಿಸಿದ್ದು.
2. ರೂಪಾಂತರ: ಕಥೆ, ಕಾದಂಬರಿ ಅಥವಾ ರಂಗನಾಟಕವನ್ನು ಬಾನುಲಿಗೆ ಅಳವಡಿಸಿದ್ದು.
3. ಭಾಷಾಂತರ: ಬೇರೆ ಭಾಷೆಯ ನಾಟಕದ ಕನ್ನಡ ಅವತರಣಿಕೆ.
4. ಧಾರಾವಾಹಿ: ಕಂತುಗಳಲ್ಲಿ ಪ್ರಸಾರವಾಗುವಂತಹುದು.
5. ರೂಪಕ: ವಾಸ್ತವ ಸಂಗತಿಯನ್ನು ನಿರೂಪಣೆ, ಸಂಭಾಷಣೆ ಮತ್ತು ಧ್ವನಿಗಳ ಮೂಲಕ ಮಂಡಿಸುವಂತಹುದು.

ಪ್ರಸ್ತಾವನೆಯಲ್ಲಿ ಇರಬೇಕಾದ ಅಂಶಗಳು

ಅರ್ಜಿಯ ನಮೂನೆ, ಕೊನೆಯ ದಿನಾಂಕ ಮತ್ತು ಸಂಭಾವನೆಯ ದರಗಳು ಆಯಾ ಪ್ರಕಟಣೆಯಂತೆ ಬೇರೆಯಾಗುತ್ತವೆ. ನಮೂನೆ ಯಾವುದೇ ಇರಲಿ, ಪ್ರಸ್ತಾವನೆಯನ್ನು ಈ ಕೆಳಕಂಡ ಅಂಶಗಳೊಂದಿಗೆ ಸಿದ್ಧಪಡಿಸಿಕೊಳ್ಳುವುದು ಸೂಕ್ತ.

1. ನಾಟಕದ ಶೀರ್ಷಿಕೆ, ಪ್ರಕಾರ ಮತ್ತು ಅವಧಿ. ಧಾರಾವಾಹಿಯಾದಲ್ಲಿ ಕಂತುಗಳ ಸಂಖ್ಯೆ ಹಾಗೂ ಪ್ರತಿ ಕಂತಿನ ಅವಧಿ.
2. ಕಥಾಸಾರಾಂಶ. ಕಥೆಯ ಮುಕ್ತಾಯವನ್ನೂ ಇದರಲ್ಲಿ ತಿಳಿಸಬೇಕು. ಕುತೂಹಲ ಉಳಿಸುವ ಉದ್ದೇಶದಿಂದ ಕೊನೆಯನ್ನು ಮುಚ್ಚಿಟ್ಟಲ್ಲಿ ಪರಿಶೀಲಕರಿಗೆ ನಾಟಕದ ನಿಲುವು ತಿಳಿಯುವುದಿಲ್ಲ.
3. ಪಾತ್ರಗಳ ಪಟ್ಟಿ: ವಯಸ್ಸು, ಆಡುಮಾತಿನ ಬಗೆ ಮತ್ತು ಪರಸ್ಪರ ಸಂಬಂಧದ ವಿವರಗಳೊಂದಿಗೆ.
4. ಪೂರ್ಣ ಹಸ್ತಪ್ರತಿ ಅಥವಾ ಕನಿಷ್ಠ ಒಂದು ಪೂರ್ಣ ದೃಶ್ಯ. ಧಾರಾವಾಹಿಯಾದಲ್ಲಿ ಮೊದಲ ಕಂತಿನ ಹಸ್ತಪ್ರತಿ ಮತ್ತು ಉಳಿದ ಕಂತುಗಳ ಸಾರಾಂಶ.
5. ನಾಟಕಕಾರರು, ನಿರ್ದೇಶಕರು ಮತ್ತು ಪ್ರಮುಖ ಕಲಾವಿದರ ಪರಿಚಯ. ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ಶ್ರೇಣಿ ಪಡೆದ ನಾಟಕ ಕಲಾವಿದರಿದ್ದಲ್ಲಿ ಅವರ ಶ್ರೇಣಿ.
6. ವೆಚ್ಚದ ಅಂದಾಜು: ಲೇಖನ, ಕಲಾವಿದರ ಸಂಭಾವನೆ, ಸಂಗೀತ, ಧ್ವನಿಮುದ್ರಣ ಮತ್ತು ಸಂಕಲನ ಎಂಬ ಬಾಬುಗಳಲ್ಲಿ ಪ್ರತ್ಯೇಕವಾಗಿ.
7. ಮೂಲ ಕೃತಿಯ ಹಕ್ಕುದಾರರ ಲಿಖಿತ ಅನುಮತಿ ಪತ್ರದ ಪ್ರತಿ.

ಸಲ್ಲಿಸಿದ ಎಲ್ಲ ಕಾಗದಪತ್ರಗಳ ಒಂದು ಪ್ರತಿಯನ್ನೂ, ಸಲ್ಲಿಸಿದ ದಿನಾಂಕದ ಸ್ವೀಕೃತಿಯನ್ನೂ ನಿರ್ಮಾಪಕರು ತಮ್ಮಲ್ಲಿ ಇಟ್ಟುಕೊಳ್ಳತಕ್ಕದ್ದು. ಸ್ವೀಕೃತಿಯ ಅಗತ್ಯವನ್ನು ಮುಂದೆ ವಿವರಿಸಲಾಗಿದೆ.

ಹಸ್ತಪ್ರತಿಯ ಸ್ವರೂಪ

ಬಾನುಲಿ ನಾಟಕವು ಕಿವಿಗೆ ಮಾತ್ರ ಮೀಸಲಾದುದು. ರಂಗದ ಮೇಲೆ ಒಂದು ನೋಟದಿಂದ ತಿಳಿಯುವ ಸಂಗತಿಯನ್ನು ಇಲ್ಲಿ ಮಾತು, ಸದ್ದು, ಸಂಗೀತ ಅಥವಾ ಮೌನ ತಿಳಿಸಬೇಕಾಗುತ್ತದೆ. ರಂಗನಾಟಕದ ಪುಸ್ತಕವನ್ನು ಯಥಾವತ್ತಾಗಿ ಸಲ್ಲಿಸಿದ ಪ್ರಸ್ತಾವನೆಗಳು ಈ ಕಾರಣದಿಂದ ಹಿಂದೆ ಬೀಳುತ್ತವೆ. ಹಸ್ತಪ್ರತಿ ಸಿದ್ಧಪಡಿಸುವಾಗ ಗಮನಿಸಬೇಕಾದ ಅಂಶಗಳು ಹೀಗಿವೆ.

- ಪ್ರತಿ ದೃಶ್ಯದ ಆರಂಭದಲ್ಲಿ ಸ್ಥಳ ಮತ್ತು ವೇಳೆ ಕೇಳುಗರಿಗೆ ತಿಳಿಯುವಂತಿರಬೇಕು. ಬಾವಿಯ ರಾಟೆಯ ಸದ್ದು ಅಥವಾ ಬಸ್ ನಿಲ್ದಾಣದ ಗದ್ದಲ ಒಂದೆರಡು ಕ್ಷಣಗಳಲ್ಲಿ ಈ ಕೆಲಸ ಮಾಡಬಲ್ಲದು.
- ಒಂದೇ ದೃಶ್ಯದಲ್ಲಿ ಹೆಚ್ಚು ಪಾತ್ರಗಳು ಮಾತನಾಡಿದಲ್ಲಿ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟ. ಮಾತನಾಡದೆ ಸುಮ್ಮನಿರುವ ಪಾತ್ರವು ಕೇಳುಗರ ಪಾಲಿಗೆ ದೃಶ್ಯದಲ್ಲಿ ಇಲ್ಲದಂತೆಯೇ ಸರಿ.
- ಹೊಸ ಪಾತ್ರ ಪ್ರವೇಶಿಸಿದಾಗ ಅದರ ಹೆಸರು ಅಥವಾ ಸಂಬಂಧವು ಇನ್ನೊಬ್ಬರ ಮಾತಿನಲ್ಲಿ ಸಹಜವಾಗಿ ಬರಬೇಕು.
- ಧ್ವನಿ ಪರಿಣಾಮ ಮತ್ತು ಸಂಗೀತದ ಸೂಚನೆಗಳನ್ನು ಸಂಭಾಷಣೆಯಿಂದ ಪ್ರತ್ಯೇಕವಾಗಿ ಕಾಣುವಂತೆ ಬರೆಯಬೇಕು.
- ಅವಧಿಯನ್ನು ಪುಟಗಳ ಲೆಕ್ಕದಿಂದ ನಿರ್ಧರಿಸದೆ, ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ ಅಳೆಯಬೇಕು. ಸದ್ದು, ಸಂಗೀತ ಮತ್ತು ಬಿಡುವಿನ ಕಾಲವನ್ನೂ ಸೇರಿಸಿಕೊಳ್ಳಬೇಕು.

ಉದಾಹರಣೆಗೆ, ಟಿ.ಪಿ. ಕೈಲಾಸಂ ಅವರ ನಾಟಕಗಳಲ್ಲಿ ಪ್ರತಿ ಪಾತ್ರದ ಮಾತಿಗೂ ತನ್ನದೇ ಆದ ವರಸೆಯಿದೆ. ಕನ್ನಡ ಇಂಗ್ಲಿಷ್ ಬೆರೆತ ಮಾತಿನ ಪ್ರಮಾಣದಿಂದಲೇ ವ್ಯಕ್ತಿಯ ಗುರುತು ಸಿಗುವುದರಿಂದ ಅವು ಶ್ರವ್ಯ ಮಾಧ್ಯಮಕ್ಕೆ ಸುಲಭವಾಗಿ ಒಗ್ಗುತ್ತವೆ. ತ್ರಿವೇಣಿಯವರ 'ಶರಪಂಜರ'ದಂತಹ ಕಾದಂಬರಿಯಲ್ಲಿ ಮನಸ್ಸಿನೊಳಗಿನ ತೊಳಲಾಟವೇ ಮುಖ್ಯ. ಅಂತಹ ಕೃತಿಯನ್ನು ಆಯ್ದುಕೊಂಡಲ್ಲಿ ಒಳದನಿಯನ್ನು ಹೊರಮಾತಿನಿಂದ ಹೇಗೆ ಬೇರ್ಪಡಿಸಲಾಗುವುದು ಎಂಬುದನ್ನು ಪ್ರಸ್ತಾವನೆಯಲ್ಲಿ ವಿವರಿಸಬೇಕು.

ಪ್ರಸಾರ ಸಂಹಿತೆ

ಆಕಾಶವಾಣಿಯಲ್ಲಿ ಪ್ರಸಾರವಾಗುವ ಎಲ್ಲ ಕಾರ್ಯಕ್ರಮಗಳಿಗೆ ಆಕಾಶವಾಣಿ ಪ್ರಸಾರ ಸಂಹಿತೆಯು ಅನ್ವಯಿಸುತ್ತದೆ. ಅದರಂತೆ ಈ ಕೆಳಕಂಡವುಗಳಿಗೆ ಅವಕಾಶವಿರುವುದಿಲ್ಲ: ಮಿತ್ರ ರಾಷ್ಟ್ರಗಳ ಟೀಕೆ, ಧರ್ಮ ಅಥವಾ ಸಮುದಾಯಗಳ ಮೇಲಿನ ದಾಳಿ, ಅಶ್ಲೀಲ ಅಥವಾ ಮಾನಹಾನಿಕರ ವಿಷಯ, ಹಿಂಸೆಗೆ ಪ್ರಚೋದನೆ, ನ್ಯಾಯಾಲಯ ನಿಂದನೆ, ರಾಷ್ಟ್ರಪತಿ, ರಾಜ್ಯಪಾಲರು ಮತ್ತು ನ್ಯಾಯಾಂಗದ ಪ್ರಾಮಾಣಿಕತೆಗೆ ಕಳಂಕ ತರುವ ಮಾತು, ಹೆಸರಿಸಿ ರಾಜಕೀಯ ಪಕ್ಷವೊಂದನ್ನು ನಿಂದಿಸುವುದು, ಕೇಂದ್ರ ಅಥವಾ ರಾಜ್ಯದ ಬಗ್ಗೆ ದ್ವೇಷಪೂರಿತ ಟೀಕೆ, ಸಂವಿಧಾನಕ್ಕೆ ಅಗೌರವ ತೋರುವುದು ಅಥವಾ ಹಿಂಸಾಮಾರ್ಗದಿಂದ ಅದರ ಬದಲಾವಣೆಯನ್ನು ಪ್ರತಿಪಾದಿಸುವುದು. ಸಂವಿಧಾನಬದ್ಧ ರೀತಿಯಲ್ಲಿ ಬದಲಾವಣೆ ಕೋರುವುದಕ್ಕೆ ಸಂಹಿತೆಯಲ್ಲಿ ಅಡ್ಡಿಯಿಲ್ಲ.

ಸಾಮಾಜಿಕ ಸಮಸ್ಯೆಯನ್ನು ಕುರಿತ ನಾಟಕಕ್ಕೆ ಸಂಹಿತೆಯು ತಡೆಯಲ್ಲ. ಆದರೆ ಖಳಪಾತ್ರವೊಂದರ ಮಾತು ಯಾವುದೇ ಸಮುದಾಯದ ನಿಂದನೆಯಾಗಿ ಕೇಳಿಸುವ ಸಂಭವವಿದ್ದಲ್ಲಿ, ಹಸ್ತಪ್ರತಿಯ ಹಂತದಲ್ಲಿಯೇ ಅದನ್ನು ತಿದ್ದಿಕೊಳ್ಳುವುದು ಲೇಸು. ಮುದ್ರಣದ ನಂತರ ಮಾತು ಕತ್ತರಿಸಿದಲ್ಲಿ ದೃಶ್ಯವೇ ಕೆಡುತ್ತದೆ.

ಮೂಲ ಕೃತಿಯ ಅನುಮತಿ

ರೂಪಾಂತರ ಮತ್ತು ಭಾಷಾಂತರದ ಹಕ್ಕು ಮೂಲ ಕೃತಿಯ ಹಕ್ಕುದಾರರದು. ಹಕ್ಕುಸ್ವಾಮ್ಯ ಅಧಿನಿಯಮ, 1957ರ ಮೇರೆಗೆ, ಲೇಖಕರ ಜೀವಿತಾವಧಿಯಲ್ಲಿ ಪ್ರಕಟವಾದ ಸಾಹಿತ್ಯ ಮತ್ತು ನಾಟಕ ಕೃತಿಗಳ ಹಕ್ಕುಸ್ವಾಮ್ಯವು ಲೇಖಕರು ನಿಧನರಾದ ನಂತರದ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಕೆಲವು ಉದಾಹರಣೆಗಳು:

- ಟಿ.ಪಿ. ಕೈಲಾಸಂ (ನಿಧನ 1946): 2007ರ ಜನವರಿ 1ರಿಂದ ಮುಕ್ತ.
- ತ್ರಿವೇಣಿ (ನಿಧನ 1963): 2024ರ ಜನವರಿ 1ರಿಂದ ಮುಕ್ತ.
- ಶ್ರೀರಂಗ (ನಿಧನ 1984): 2044ರ ಅಂತ್ಯದವರೆಗೆ ಅನುಮತಿ ಅಗತ್ಯ.
- ಕುವೆಂಪು (ನಿಧನ 1994): 2054ರ ಅಂತ್ಯದವರೆಗೆ ಅನುಮತಿ ಅಗತ್ಯ.

ಮೂಲ ಕೃತಿ ಮುಕ್ತವಾದ ಮಾತ್ರಕ್ಕೆ ಅದನ್ನು ಆಧರಿಸಿದ ಎಲ್ಲವೂ ಮುಕ್ತವಾಗುವುದಿಲ್ಲ. 'ಶರಪಂಜರ' ಕಾದಂಬರಿ ಮುಕ್ತವಾಗಿದ್ದರೂ 1971ರಲ್ಲಿ ತೆರೆಕಂಡ ಅದೇ ಹೆಸರಿನ ಚಲನಚಿತ್ರದ ಹಕ್ಕು ಪ್ರತ್ಯೇಕವಾದುದು. ಚಲನಚಿತ್ರದ ಹಕ್ಕುಸ್ವಾಮ್ಯವು ಪ್ರಕಟಣೆಯ ನಂತರದ ವರ್ಷದಿಂದ 60 ವರ್ಷ ಇರುತ್ತದೆ. ಆದ್ದರಿಂದ ಬಾನುಲಿ ರೂಪಾಂತರವು ಕಾದಂಬರಿಯನ್ನು ಆಧರಿಸಬೇಕೇ ಹೊರತು ಚಿತ್ರದ ಸಂಭಾಷಣೆ ಅಥವಾ ಹಾಡುಗಳನ್ನಲ್ಲ. ಅಂತೆಯೇ ಹಳೆಯ ವಿದೇಶಿ ನಾಟಕವೊಂದರ ಕನ್ನಡ ಅನುವಾದವನ್ನು ಬಳಸುವಾಗ ಅನುವಾದಕರ ಅನುಮತಿ ಬೇಕಾಗುತ್ತದೆ.

ಅನುಮತಿ ಪತ್ರವನ್ನು ಪಡೆಯುವಾಗ ಗಮನಿಸಬೇಕಾದ ಅಂಶಗಳು:

1. ಅನುಮತಿಯು ಲಿಖಿತವಾಗಿ, ಹಕ್ಕುದಾರರ ಸಹಿಯೊಂದಿಗೆ ಇರಬೇಕು. ದೂರವಾಣಿಯಲ್ಲಿ ದೊರೆತ ಒಪ್ಪಿಗೆಯನ್ನು ನೆಚ್ಚಿಕೊಳ್ಳಲಾಗದು.
2. ಕೃತಿಯ ಹೆಸರು, ನೀಡಿದ ಹಕ್ಕುಗಳು, ಅವಧಿ, ಪ್ರದೇಶ ಮತ್ತು ಗೌರವಧನವನ್ನು ನಮೂದಿಸಬೇಕು. ಅವಧಿಯನ್ನು ಹೇಳದಿದ್ದಲ್ಲಿ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದಲ್ಲಿ ಭಾರತವೆಂದೂ ಅಧಿನಿಯಮದ 19ನೆಯ ಕಲಂ ಪರಿಗಣಿಸುತ್ತದೆ.
3. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಲ್ಲಿ, ಪತ್ರದಲ್ಲಿ ಬೇರೆ ರೀತಿ ಹೇಳದ ಹೊರತು, ಅದು ರದ್ದಾಗುತ್ತದೆ. ಪ್ರಸ್ತಾವನೆಯ ಪರಿಶೀಲನೆಗೆ ಸಮಯ ಹಿಡಿಯುವುದರಿಂದ ಈ ಅಂಶ ಮುಖ್ಯ.
4. ಆಕಾಶವಾಣಿಯ ಕಾರ್ಯಕ್ರಮಗಳು ಇಂದು ಅಂತರಜಾಲ ಮತ್ತು ಮೊಬೈಲ್ ಮೂಲಕವೂ ಕೇಳಲು ದೊರೆಯುತ್ತವೆ. ಹಕ್ಕು ನೀಡಿದಾಗ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಸ್ಪಷ್ಟವಾಗಿ ಹೆಸರಿಸದ ಹೊರತು, ಆ ಹಕ್ಕು ಅನ್ವಯಿಸದೆಂದು 2012ರ ತಿದ್ದುಪಡಿ ತಿಳಿಸುತ್ತದೆ. ಆದ್ದರಿಂದ ಬಳಕೆಯ ಎಲ್ಲ ಮಾಧ್ಯಮಗಳನ್ನೂ ಪತ್ರದಲ್ಲಿ ಹೆಸರಿಸಬೇಕು.

ಕಲ್ಪನೆಗೆ ರಕ್ಷಣೆಯಿಲ್ಲ, ಬರಹಕ್ಕೆ ಇದೆ

ತಮ್ಮ ಕಥೆಯನ್ನು ಬೇರೆಯವರು ಬಳಸಿಕೊಂಡಾರೆಂಬ ಆತಂಕದಿಂದ ಕೆಲವರು ಪ್ರಸ್ತಾವನೆಯಲ್ಲಿ ಎರಡು ಸಾಲಿನ ಕಲ್ಪನೆಯನ್ನು ಮಾತ್ರ ಬರೆಯುವುದುಂಟು. ಇದರಿಂದ ಉದ್ದೇಶಕ್ಕೆ ವಿರುದ್ಧವಾದ ಪರಿಣಾಮವಾಗುತ್ತದೆ. ಆರ್.ಜಿ. ಆನಂದ್ ವಿರುದ್ಧ ಡಿಲಕ್ಸ್ ಫಿಲ್ಮ್ಸ್ ಪ್ರಕರಣದಲ್ಲಿ ನಾಟಕಕಾರರೊಬ್ಬರು, ತಮ್ಮ 'ಹಮ್ ಹಿಂದೂಸ್ತಾನಿ' ನಾಟಕವನ್ನು 'ನ್ಯೂ ಡೆಲ್ಲಿ' ಚಲನಚಿತ್ರದಲ್ಲಿ ನಕಲು ಮಾಡಲಾಗಿದೆಯೆಂದು ದಾವೆ ಹೂಡಿದ್ದರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಲ್ಪನೆ, ವಸ್ತು ಅಥವಾ ಐತಿಹಾಸಿಕ ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ವ್ಯಕ್ತಪಡಿಸಿದ ರೀತಿಗೆ ಮಾತ್ರ ಹಕ್ಕುಸ್ವಾಮ್ಯವಿದೆ ಎಂದು ತೀರ್ಪಿತ್ತಿತು. ನಾಟಕಕಾರರ ವಾದವನ್ನು ಒಪ್ಪಲಿಲ್ಲ.

ಆದ್ದರಿಂದ ಪಾತ್ರ, ಘಟನೆಗಳ ಕ್ರಮ ಮತ್ತು ಸಂಭಾಷಣೆ ಎಷ್ಟು ವಿವರವಾಗಿ ಬರಹದಲ್ಲಿರುತ್ತವೆಯೋ ಅಷ್ಟು ರಕ್ಷಣೆ ಹೆಚ್ಚು. ದಿನಾಂಕವುಳ್ಳ ಸ್ವೀಕೃತಿಯು, ಆ ಬರಹ ಯಾವ ದಿನ ಅಸ್ತಿತ್ವದಲ್ಲಿತ್ತೆಂಬುದಕ್ಕೆ ಪುರಾವೆಯಾಗುತ್ತದೆ. ಹಕ್ಕುಸ್ವಾಮ್ಯದ ನೋಂದಣಿ ಕಡ್ಡಾಯವಲ್ಲ; ಕೃತಿ ರಚನೆಯಾದಾಗಲೇ ಹಕ್ಕು ಹುಟ್ಟುತ್ತದೆ. ಇಚ್ಛಿಸುವವರು ಹಕ್ಕುಸ್ವಾಮ್ಯ ಕಚೇರಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು.

ಪರಿಶೀಲನೆ ಮತ್ತು ಒಪ್ಪಂದ

ಆಕಾಶವಾಣಿ ನಿಲಯಗಳಲ್ಲಿ ಕಾರ್ಯಕ್ರಮಗಳನ್ನು ಮೂರು ತಿಂಗಳ ಅವಧಿಗೆ ಮುಂಚಿತವಾಗಿ ಯೋಜಿಸಲಾಗುತ್ತದೆ. ಕನ್ನಡ ರಾಜ್ಯೋತ್ಸವ ಅಥವಾ ಗಾಂಧಿ ಜಯಂತಿಯಂತಹ ಸಂದರ್ಭಕ್ಕಾಗಿ ರಚಿಸಿದ ನಾಟಕದ ಪ್ರಸ್ತಾವನೆಯು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಅವಧಿಯ ಯೋಜನೆ ಸಿದ್ಧವಾಗುವ ಮುನ್ನವೇ ತಲುಪಬೇಕಾಗುತ್ತದೆ.

ಪ್ರಸ್ತಾವನೆ ಅಂಗೀಕಾರವಾದಲ್ಲಿ, ಧ್ವನಿಮುದ್ರಣಕ್ಕೆ ಮೊದಲು ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಅತ್ಯಗತ್ಯ. ಸಾಮಾನ್ಯವಾಗಿ ಕೃತಿಯ ಮೊದಲ ಹಕ್ಕುದಾರರು ಅದರ ಲೇಖಕರೇ. ಆದರೆ ಸಾರ್ವಜನಿಕ ಉದ್ಯಮವೊಂದರ ನಿರ್ದೇಶನ ಅಥವಾ ನಿಯಂತ್ರಣದಲ್ಲಿ ರಚಿತವಾದ ಕೃತಿಗೆ, ವಿರುದ್ಧವಾದ ಒಪ್ಪಂದ ಇಲ್ಲದಿದ್ದಲ್ಲಿ, ಆ ಉದ್ಯಮವೇ ಮೊದಲ ಹಕ್ಕುದಾರನೆಂದು 17ನೆಯ ಕಲಂ ಹೇಳುತ್ತದೆ. ಕಾಯಿದೆಯಿಂದ ಸ್ಥಾಪಿತವಾದ ನಿಗಮಗಳೂ ಈ ವ್ಯಾಖ್ಯೆಯಲ್ಲಿ ಸೇರುತ್ತವೆ. ನಾಟಕವನ್ನು ಪುಸ್ತಕವಾಗಿ ಪ್ರಕಟಿಸುವ, ರಂಗದ ಮೇಲೆ ಆಡಿಸುವ ಅಥವಾ ಬೇರೆ ಭಾಷೆಗೆ ನೀಡುವ ಹಕ್ಕನ್ನು ಉಳಿಸಿಕೊಳ್ಳಬಯಸುವ ನಾಟಕಕಾರರು ಅದನ್ನು ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಮರುಪ್ರಸಾರಕ್ಕೆ ಸಂಭಾವನೆ ಇದೆಯೇ ಎಂಬುದನ್ನೂ ಆಗಲೇ ತಿಳಿದುಕೊಳ್ಳಬೇಕು.

ಹಕ್ಕನ್ನು ಬಿಟ್ಟುಕೊಟ್ಟ ನಂತರವೂ, ಕೃತಿಯು ತಮ್ಮದೆಂದು ಹೇಳಿಕೊಳ್ಳುವ ಹಾಗೂ ಗೌರವಕ್ಕೆ ಕುಂದು ತರುವ ವಿರೂಪವನ್ನು ಆಕ್ಷೇಪಿಸುವ ವಿಶೇಷ ಹಕ್ಕು 57ನೆಯ ಕಲಮಿನ ಮೇರೆಗೆ ಲೇಖಕರಲ್ಲಿಯೇ ಉಳಿಯುತ್ತದೆ. ಧ್ವನಿ ನೀಡಿದ ಕಲಾವಿದರಿಗೂ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಇರುವುದರಿಂದ ಅವರ ಲಿಖಿತ ಒಪ್ಪಿಗೆಯನ್ನು ಮುದ್ರಣಕ್ಕೆ ಮುನ್ನ ಪಡೆಯತಕ್ಕದ್ದು.

ಸಲ್ಲಿಸುವ ಮುನ್ನ

ಪ್ರಸ್ತಾವನೆಯನ್ನು ಕಳುಹಿಸುವ ಮೊದಲು ನಿರ್ಮಾಪಕರು ಹಸ್ತಪ್ರತಿಯನ್ನು, ಅದನ್ನು ಹಿಂದೆ ಓದಿರದ ಒಬ್ಬರ ಮುಂದೆ ಗಟ್ಟಿಯಾಗಿ ಓದಿಸುವುದು ಉಪಯುಕ್ತ. ಪುಟವನ್ನು ನೋಡದೆ ಕೇಳಿದವರಿಗೆ ಯಾರು ಮಾತನಾಡಿದರು, ಎಲ್ಲಿ ನಡೆಯಿತು, ಏನಾಯಿತು ಎಂಬ ಮೂರೂ ತಿಳಿದಲ್ಲಿ ಹಸ್ತಪ್ರತಿ ಸಿದ್ಧವಾಗಿದೆಯೆಂದು ತಿಳಿಯಬಹುದು. ಅನುಮತಿ ಪತ್ರ, ಹಸ್ತಪ್ರತಿಯ ಪ್ರತಿ ಮತ್ತು ಸ್ವೀಕೃತಿ ಈ ಮೂರನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಒಳಿತು. ನಾಟಕ ಪ್ರಸಾರವಾಗಿ ಹಲವು ವರ್ಷಗಳಾದ ಮೇಲೂ ಮರುಪ್ರಸಾರ ಅಥವಾ ಪ್ರಕಟಣೆಯ ಪ್ರಶ್ನೆ ಬಂದಾಗ ಲೇಖಕರಿಗೂ ಅವರ ವಾರಸುದಾರರಿಗೂ ಈ ಕಡತವೇ ಆಧಾರವಾಗುತ್ತದೆ.