ಬ್ರಾಂಕ್ಸ್‌ನ ತಾಳ, ಡಾಕರ್‌ನ ಮಾತು

1973ರ ಆಗಸ್ಟ್ 11. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ, ಸೆಜ್‌ವಿಕ್ ಅವೆನ್ಯೂವಿನ 1520ನೇ ಸಂಖ್ಯೆಯ ವಸತಿ ಕಟ್ಟಡ. ಶಾಲೆ ಆರಂಭವಾಗುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸಲು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಅಲ್ಲಿ ನೃತ್ಯಕೂಟ ಏರ್ಪಡಿಸಿದ್ದಳು. ಗ್ರಾಮಫೋನ್ ತಟ್ಟೆ ನುಡಿಸಿದವನು ಆಕೆಯ ಅಣ್ಣ ಕ್ಲೈವ್. ಜಮೈಕಾದಿಂದ ವಲಸೆ ಬಂದಿದ್ದ ಈ ಹದಿನೆಂಟರ ಯುವಕನೇ 'ಡಿಜೆ ಕೂಲ್ ಹರ್ಕ್'. ಹಿಪ್ ಹಾಪ್‌ನ ಜನ್ಮದಿನವೆಂದು ಇಂದು ಗುರುತಿಸುವುದು ಆ ಸಂಜೆಯನ್ನೇ.

ಹಾಡು ನಿಂತು ಬರಿಯ ತಾಳ ಕೇಳಿಸುವ ಕೆಲವು ಕ್ಷಣಗಳಿಗಾಗಿ ಕುಣಿಯುವವರು ಕಾದಿರುವುದನ್ನು ಹರ್ಕ್ ಗಮನಿಸಿದ್ದ. ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳಲ್ಲಿರಿಸಿ, ಒಂದರಲ್ಲಿ ಆ ತುಣುಕು ಮುಗಿಯುತ್ತಲೇ ಇನ್ನೊಂದರಲ್ಲಿ ಆರಂಭಿಸಿ, ಅದನ್ನು ನಿಮಿಷಗಟ್ಟಲೆ ಬೆಳೆಸಿದ. ಆ ತಾಳಕ್ಕೆ ಪ್ರಾಸಬದ್ಧ ಮಾತು ಹೊಂದಿಸಿದಾಗ ರ್‍ಯಾಪ್ ಆಯಿತು. ಮೈ ಬಾಗಿಸಿದಾಗ ಬ್ರೇಕ್ ನೃತ್ಯವಾಯಿತು. ಹೆದ್ದಾರಿಗಾಗಿ ಮನೆ ಕಳೆದುಕೊಂಡ, ಬೆಂಕಿಗೆ ಕಟ್ಟಡಗಳು ಬಲಿಯಾದ ಬಡಾವಣೆಗಳಲ್ಲಿ ವಾದ್ಯ ಕೊಳ್ಳಲಾಗದವರಿಗೆ ಹಳೆಯ ತಟ್ಟೆಯೇ ವಾದ್ಯವಾಯಿತು.

ಈ ಕಲೆ ಅಟ್ಲಾಂಟಿಕ್ ದಾಟಲು ಹೆಚ್ಚು ಕಾಲ ಬೇಕಾಗಲಿಲ್ಲ. 1984ರಲ್ಲಿ ಫ್ರಾನ್ಸಿನ ದೂರದರ್ಶನ ಹಿಪ್ ಹಾಪ್‌ಗೆಂದೇ ವಾರದ ಕಾರ್ಯಕ್ರಮ ಆರಂಭಿಸಿತು. ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದ ಎಂ.ಸಿ. ಸೋಲಾರ್ 1991ರ ತನ್ನ ಮೊದಲ ಆಲ್ಬಂನಿಂದ ಮನೆಮಾತಾದ.

ಡಾಕರ್‌ನಲ್ಲಿಯೂ ನೆಲ ಹದವಾಗಿತ್ತು. ನಮ್ಮ ಹೆಳವರನ್ನು ನೆನಪಿಸುವ, ವಂಶಾವಳಿ ಹಾಡುವ ಗ್ರಿಯೋಗಳ ನಾಡು ಅದು. ಸಮಾರಂಭಗಳಲ್ಲಿ ಹೆಂಗಸರು ಮದ್ದಳೆಯ ಪೆಟ್ಟಿಗೆ ಲಯಬದ್ಧವಾಗಿ ನುಡಿಯುವ 'ತಾಸು' ಎಂಬ ಪ್ರಕಾರವೂ ಅಲ್ಲಿತ್ತು. ಒಂದು ಕಾಲಕ್ಕೆ ಎದುರಾಳಿಗಳಾಗಿದ್ದ ಇಬ್ಬರು ಯುವಕರು, ಡಿಡಿಯೇ ಅವಾಡಿ ಮತ್ತು ಡಗ್ಗಿ ಟೀ, 1989ರಲ್ಲಿ 'ಪಾಸಿಟಿವ್ ಬ್ಲ್ಯಾಕ್ ಸೋಲ್' ತಂಡ ಕಟ್ಟಿದರು. ಅವರ ರ್‍ಯಾಪ್‌ನಲ್ಲಿ ಇಂಗ್ಲಿಷ್, ಫ್ರೆಂಚ್ ಜೊತೆಗೆ ಜನರ ಆಡುನುಡಿ ವೊಲೊಫ್ ಸೇರಿತು. 2003ರಲ್ಲಿ 'ದಾರಾ ಜಿ' ತಂಡ ತನ್ನ ಆಲ್ಬಂಗೆ 'ಬೂಮರಾಂಗ್' ಎಂದೇ ಹೆಸರಿಟ್ಟಿತು. ಆಫ್ರಿಕದಿಂದ ಹೋದದ್ದು ಆಫ್ರಿಕಕ್ಕೆ ಮರಳಿದೆ ಎಂಬುದು ಅದರ ಇಂಗಿತ.

ಮನರಂಜನೆಯಾಗಿ ಬಂದದ್ದು ಅಷ್ಟಕ್ಕೇ ನಿಲ್ಲಲಿಲ್ಲ. 2011ರ ಜನವರಿಯಲ್ಲಿ, ಪದೇ ಪದೇ ಕೈಕೊಡುವ ವಿದ್ಯುತ್ತಿನಿಂದ ರೋಸಿಹೋದ 'ಕೇರ್ ಗಿ' ತಂಡದ ರ್‍ಯಾಪರ್‌ಗಳು ಪತ್ರಕರ್ತ ಗೆಳೆಯರೊಂದಿಗೆ 'ಸಾಕಾಗಿದೆ' ಎಂಬ ಅರ್ಥದ 'ಯಾನ್ ಅ ಮಾರ್' ಚಳವಳಿ ಆರಂಭಿಸಿದರು. ಆಗಿನ ಅಧ್ಯಕ್ಷ ಅಬ್ದುಲಾಯೆ ವಾಡ್ ಮೊದಲ ಸುತ್ತಿನಲ್ಲಿ ಶೇ 25ರಷ್ಟು ಮತ ಪಡೆದರೂ ಗೆಲ್ಲಬಹುದೆಂಬ ತಿದ್ದುಪಡಿ ತರಲು ಹೊರಟಾಗ, ಜೂನ್ 23ರಂದು ಡಾಕರ್ ಬೀದಿಗಿಳಿಯಿತು. ಅಂದೇ ಮಸೂದೆ ಹಿಂದೆಗೆಯಲಾಯಿತು. ಬಳಿಕ ಈ ಯುವಕರು ಕಲ್ಲೆಸೆಯುವ ಬದಲು ಮತದಾರರ ಪಟ್ಟಿಗೆ ಹೆಸರು ಸೇರಿಸುವಂತೆ ಓಣಿ ಓಣಿಗಳಲ್ಲಿ ಪ್ರಚಾರ ಮಾಡಿದರು. 2012ರ ಮಾರ್ಚ್‌ನಲ್ಲಿ ವಾಡ್ ಸೋತು ಮಾಕಿ ಸಾಲ್ ಗೆದ್ದರು.

ಸರ್ಕಾರವನ್ನು ಹಾಡೊಂದೇ ಉರುಳಿಸಿತು ಎನ್ನುವಂತಿಲ್ಲ. ಎರಡನೇ ಸುತ್ತಿನಲ್ಲಿ ವಿರೋಧ ಪಕ್ಷಗಳು ಒಂದಾದದ್ದು ಮುಖ್ಯ ಕಾರಣ. ಆದರೆ ಮತಪೆಟ್ಟಿಗೆಯಿಂದ ದೂರ ಉಳಿದಿದ್ದ ತರುಣರಿಗೆ ಅರ್ಥವಾಗುವ ಭಾಷೆ ರ್‍ಯಾಪ್ ಆಗಿತ್ತು. ಗೆಲುವಿನ ನಂತರವೂ ಆ ಭಾಷೆ ಮೆತ್ತಗಾಗಲಿಲ್ಲ. 'ಏನೂ ಬದಲಾಗಿಲ್ಲ' ಎಂದು ಹೊಸ ಸರ್ಕಾರವನ್ನು ಚುಚ್ಚುವ ಹಾಡನ್ನು 2014ರಲ್ಲಿ ಹೊರತಂದದ್ದೂ ಅದೇ ಕೇರ್ ಗಿ ತಂಡ.