ಮನೆಯಲ್ಲಿ ಮಾಡಿದ ಎಲೆಕ್ಟ್ರಿಕ್ ಗಿಟಾರ್‌ಗೆ ಯಾವ ತಂತಿಯಾದರೂ ನಡೆಯುತ್ತದೆಯೇ?

"ಒಂದು ಹಲಗೆ, ಒಂದು ಪಿಕಪ್, ಆರು ತಂತಿ ಇದ್ದರೆ ಸಾಕು, ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಡಿ. ಯಾವ ಲೋಹದ ತಂತಿಯಾದರೂ ನಡೆಯುತ್ತದೆ." ಇಂಥ ವಿಡಿಯೊಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. ಹಾಗೆ ಗಿಟಾರ್ ಮಾಡಿಕೊಂಡ ಬೆಳಗಾವಿ ಹತ್ತಿರದ ದೇಸೂರಿನ ಓದುಗರೊಬ್ಬರು ನಮ್ಮನ್ನು ಕೇಳಿದರು: "ನಾಲ್ಕು ತಂತಿ ಸ್ಪೀಕರ್‌ನಲ್ಲಿ ಚೆನ್ನಾಗಿ ಕೇಳುತ್ತವೆ. ದಪ್ಪನೆಯ ಎರಡು ಕೇಳುವುದೇ ಇಲ್ಲ. ಪಿಕಪ್ ಕೆಟ್ಟಿದೆಯೇ? ಹೊಸದು ತರಬೇಕೇ?"

ಪಿಕಪ್ ಸರಿಯಾಗಿಯೇ ಇತ್ತು. ಆ ಎರಡು ದಪ್ಪ ತಂತಿಗಳು ತಂಬೂರಿಯ ಹಿತ್ತಾಳೆ ತಂತಿಗಳಾಗಿದ್ದವು.

ಈ ಭಾಗದಲ್ಲಿ ಇಂಥ ಎಡವಟ್ಟು ಆಗುವುದು ಸಹಜ. ದೇಸೂರ ನಿಲ್ದಾಣವಿರುವ ಲೋಂಡಾ–ಮಿರಜ್ ರೈಲು ಮಾರ್ಗದ ಆ ತುದಿಯಲ್ಲಿರುವ ಮಿರಜ್ ಊರು ತಂಬೂರಿ, ಸಿತಾರ್ ತಯಾರಿಕೆಗೆ ಹೆಸರುವಾಸಿ. ಅಲ್ಲಿನ ಈ ವಾದ್ಯಗಳಿಗೆ 2024ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಗಿಟಾರ್ ತಂತಿಗಿಂತ ತಂಬೂರಿ ತಂತಿಯೇ ಮೊದಲು ಕೈಗೆ ಸಿಗಬಹುದು.

ಪಿಕಪ್ ಏನನ್ನು ಕೇಳುತ್ತದೆ?

ಮೈಕ್ ಗಾಳಿಯ ಅಲುಗಾಟವನ್ನು ಹಿಡಿಯುತ್ತದೆ. ಮ್ಯಾಗ್ನೆಟಿಕ್ ಪಿಕಪ್‌ಗೆ ಗಾಳಿಯ ಸದ್ದು ಬೇಕಿಲ್ಲ. ಅದರೊಳಗೆ ಅಯಸ್ಕಾಂತವಿದ್ದು, ಸುತ್ತಲೂ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅದರ ಮೇಲಿರುವ ಉಕ್ಕಿನ ತಂತಿ ತಾನೂ ಸ್ವಲ್ಪ ಅಯಸ್ಕಾಂತವಾಗುತ್ತದೆ. ಮೀಟಿದಾಗ ತಂತಿ ಕಂಪಿಸುತ್ತದೆ, ಸುರುಳಿಯೊಳಗಿನ ಕಾಂತಕ್ಷೇತ್ರ ಬದಲಾಗುತ್ತದೆ, ಆ ಬದಲಾವಣೆಯಿಂದ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವ ಇದು. ಸೈಕಲ್ ಡೈನಮೊ ದೀಪ ಉರಿಸುವುದೂ ಇದರಿಂದಲೇ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು, ಕಂಚು ಎಂದರೆ ತಾಮ್ರ ಮತ್ತು ತವರ. ಎರಡರಲ್ಲೂ ಕಬ್ಬಿಣವಿಲ್ಲ. ಹಾಗಾಗಿ ಹಿತ್ತಾಳೆ ತಂತಿ ಎಷ್ಟೇ ಜೋರಾಗಿ ಕಂಪಿಸಿದರೂ ಸ್ಪೀಕರ್‌ನಲ್ಲಿ ಕೇಳುವಷ್ಟು ಸಂಕೇತ ಹುಟ್ಟುವುದಿಲ್ಲ.

1932ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ, 'ಫ್ರೈಯಿಂಗ್ ಪ್ಯಾನ್' ಎಂದು ಅಡ್ಡಹೆಸರು ಪಡೆದ ಎಲೆಕ್ಟ್ರಿಕ್ ಗಿಟಾರ್‌ನ ಮೈ ಅಲ್ಯೂಮಿನಿಯಂನದಾಗಿತ್ತು. ಮೈ ಯಾವುದರದ್ದಾದರೂ ಆಗಬಹುದು, ತಂತಿ ಮಾತ್ರ ಅಯಸ್ಕಾಂತಕ್ಕೆ ಸ್ಪಂದಿಸಲೇಬೇಕು.

ಯಾವ ತಂತಿ ಹೇಗೆ?

- ನಿಕಲ್ ಲೇಪಿತ ಉಕ್ಕು: ಎಲೆಕ್ಟ್ರಿಕ್ ಗಿಟಾರ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ. ಆರೂ ತಂತಿ ಸರಿಸಮನಾಗಿ ಕೇಳುತ್ತವೆ. ಮೊದಲ ಆಯ್ಕೆ ಇದಾಗಿರಲಿ.
- ಅಕೌಸ್ಟಿಕ್ ಗಿಟಾರ್‌ನ ಕಂಚಿನ ತಂತಿ: ಹೊರಗಿನ ಸುತ್ತು ಕಂಚು, ಒಳಗಿನ ಎಳೆ ಉಕ್ಕು. ಎಳೆಯಿಂದಾಗಿ ಸದ್ದು ಬರುತ್ತದೆ, ಆದರೆ ದಪ್ಪ ತಂತಿಗಳು ಮಂದವಾಗಿ, ತೆಳು ತಂತಿಗಳು ಜೋರಾಗಿ ಕೇಳುತ್ತವೆ.
- ಸಿತಾರ್, ತಂಬೂರಿಯ ಉಕ್ಕಿನ ತಂತಿ: ಪಿಕಪ್‌ಗೆ ಕೇಳುತ್ತದೆ. ತೆಳು ತಂತಿಯ ಜಾಗಕ್ಕೆ ಬಳಸಬಹುದು.
- ತಂಬೂರಿಯ ಹಿತ್ತಾಳೆ ಅಥವಾ ಕಂಚಿನ ತಂತಿ: ಒಳಗೆ ಉಕ್ಕಿನ ಎಳೆ ಇಲ್ಲದಿದ್ದರೆ ಕೇಳುವುದಿಲ್ಲ.
- ನೈಲಾನ್, ಮೀನಿನ ಗಾಳದ ದಾರ: ಕೇಳುವುದಿಲ್ಲ.
- ಸೈಕಲ್ ಬ್ರೇಕ್ ವೈರ್, ಬೈಂಡಿಂಗ್ ವೈರ್: ಉಕ್ಕಿನವಾದ್ದರಿಂದ ಸದ್ದೇನೋ ಬರುತ್ತದೆ. ಆದರೆ ಬೈಂಡಿಂಗ್ ವೈರ್ ಮೆದು, ಬಿಗಿದಷ್ಟೂ ಹಿಗ್ಗುತ್ತದೆ. ಬ್ರೇಕ್ ವೈರ್ ಹಲವು ಎಳೆಗಳನ್ನು ಹೊಸೆದದ್ದು. ಎರಡರಲ್ಲೂ ಶ್ರುತಿ ನಿಲ್ಲುವುದಿಲ್ಲ.

ನೈಲಾನ್ ಅಥವಾ ಹಿತ್ತಾಳೆ ತಂತಿಯೇ ಬೇಕೆಂದಿದ್ದರೆ ಪಿಕಪ್ ಬದಲಿಸಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಪಿಯೆಜೊ ಡಿಸ್ಕ್ ಹಲಗೆಯ ಕಂಪನವನ್ನೇ ಹಿಡಿಯುತ್ತದೆ. ಅದಕ್ಕೆ ಎಲ್ಲ ತಂತಿಯೂ ಒಂದೇ.

ಬಣ್ಣ ನೋಡಿ ನಂಬಬೇಡಿ

ಹೊಳೆಯುವ ಹಳದಿ ಬಣ್ಣದ ತಂತಿಯೆಲ್ಲ ಹಿತ್ತಾಳೆಯಲ್ಲ, ಉಕ್ಕಿಗೆ ಹಿತ್ತಾಳೆ ಲೇಪ ಕೊಟ್ಟಿರುವುದೂ ಉಂಟು. ಬೆಳ್ಳಗಿನ ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ ಅಯಸ್ಕಾಂತಕ್ಕೆ ಅಂಟದ ಬಗೆಗಳಿವೆ. ಹಾಳಾದ ಸ್ಪೀಕರ್‌ನ ಅಯಸ್ಕಾಂತವನ್ನು ತಂತಿಯ ಸಡಿಲ ತುದಿಯ ಹತ್ತಿರ ಹಿಡಿಯಿರಿ. ಅಂಟದಿದ್ದರೆ ಆ ತಂತಿ ಬೇಡ. ಒಳಗೆ ಉಕ್ಕಿನ ಎಳೆ ಇರುವ ಕಂಚಿನ ತಂತಿಯೂ ಅಂಟುತ್ತದೆ, ಆದ್ದರಿಂದ ಸದ್ದು ಎಷ್ಟು ಜೋರು ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ.

ದಪ್ಪ ಎಷ್ಟಿರಬೇಕು?

ಪ್ಯಾಕೆಟ್ ಮೇಲಿನ 9, 10 ಎಂಬ ಅಂಕಿ ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. 10 ಎಂದರೆ ಸುಮಾರು 0.25 ಮಿ.ಮೀ. ತಂತಿಯ ಮೀಟುವ ಉದ್ದ 25.5 ಇಂಚು ಇರುವ ಗಿಟಾರ್‌ನಲ್ಲಿ 10–46 ಸೆಟ್ ಅನ್ನು ಶ್ರುತಿ ಮಾಡಿದಾಗ ಆರೂ ತಂತಿ ಸೇರಿ ಸುಮಾರು 46 ಕೆ.ಜಿ. ಭಾರದಷ್ಟು ಎಳೆಯುತ್ತವೆ. ಅಂದರೆ ಹೆಚ್ಚುಕಡಿಮೆ ಒಂದು ಅಕ್ಕಿ ಮೂಟೆ ನಿಮ್ಮ ಗಿಟಾರ್‌ನ ಕುತ್ತಿಗೆಗೆ ಜೋತುಬಿದ್ದ ಹಾಗೆ. 9–42 ಸೆಟ್‌ನಲ್ಲಿ ಇದು ಸುಮಾರು 38 ಕೆ.ಜಿ. ಒಳಗೆ ಉಕ್ಕಿನ ಸರಳಿಲ್ಲದ ಮರದ ಕುತ್ತಿಗೆಗೆ 9ರ ಸೆಟ್ ಒಳ್ಳೆಯದು. ಮೂರು ಅಥವಾ ನಾಲ್ಕೇ ತಂತಿ ಹಾಕಿದರೆ ಇನ್ನೂ ಹಗುರ.

ವಿಡಿಯೊಗಳು ಬಿಟ್ಟುಬಿಡುವ ಮಾತು

ಗುಂಯ್‌ಗುಡುವ ಸದ್ದು ಕಡಿಮೆ ಮಾಡಲು ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳನ್ನು ಆಂಪ್ಲಿಫೈಯರ್‌ನ ಗ್ರೌಂಡ್‌ಗೆ ಜೋಡಿಸಿರುತ್ತಾರೆ. ತಂತಿ ಮುಟ್ಟಿದವರು ಆಂಪ್ಲಿಫೈಯರ್‌ನ ಚಾಸಿಯನ್ನೇ ಮುಟ್ಟಿದಂತೆ. ಆಂಪ್ಲಿಫೈಯರ್‌ನಲ್ಲಿ ದೋಷವಿದ್ದು ಅರ್ಥಿಂಗ್ ಇಲ್ಲದಿದ್ದರೆ 230 ವೋಲ್ಟ್ ನೇರ ಬೆರಳಿಗೆ ಬರಬಹುದು. ಹಳೆಯ ವಾಲ್ವ್ ರೇಡಿಯೊಗಳಲ್ಲಿ ಚಾಸಿಗೇ ಮನೆಯ ಕರೆಂಟ್ ತಾಗಿರುವ ಮಾದರಿಗಳಿವೆ, ಅವುಗಳಿಗೆ ಗಿಟಾರ್ ಜೋಡಿಸಲೇಬೇಡಿ. ಬ್ಯಾಟರಿಯಿಂದ ನಡೆಯುವ ಸಣ್ಣ ಆಂಪ್ಲಿಫೈಯರ್ ಬಳಸಿ. ಮನೆಯ ಕರೆಂಟ್‌ನದ್ದೇ ಆದರೆ ಮೂರು ಪಿನ್‌ನ ಪ್ಲಗ್, ಸರಿಯಾದ ಅರ್ಥಿಂಗ್ ಇರಲೇಬೇಕು. ಹೊಸ ತಂತಿ ಬಿಗಿಯುವಾಗ ಮುಖ ದೂರವಿಡಿ, ತುಂಡಾದರೆ ಕಣ್ಣಿಗೆ ಹೊಡೆಯಬಹುದು.

ಒಟ್ಟಿನಲ್ಲಿ

"ಯಾವ ಲೋಹದ ತಂತಿಯಾದರೂ ನಡೆಯುತ್ತದೆ" ಎಂಬುದು ತಪ್ಪು. ಅಯಸ್ಕಾಂತ ಸೆಳೆಯುವ, ಶ್ರುತಿ ನಿಲ್ಲುವ ತಂತಿಯೇ ಬೇಕು. ದೇಸೂರಿನ ಓದುಗರಿಗೆ ನಾವು ಹೇಳಿದ್ದೂ ಅಷ್ಟೇ: ಪಿಕಪ್ ಬಿಚ್ಚಬೇಡಿ, ಆ ಎರಡು ತಂತಿ ಬದಲಿಸಿ. ತಂಬೂರಿ ತಂತಿ ತಂಬೂರಿಗೇ ಇರಲಿ. ಇನ್ನು ಆ ವಿಡಿಯೊ ನಿಮ್ಮ ಗುಂಪಿಗೂ ಬಂದರೆ, ಅರ್ಥಿಂಗ್‌ನ ಮಾತನ್ನೂ ಜೊತೆಗೆ ಸೇರಿಸಿ ಕಳಿಸಿ.