ಖಾಲಿ ಸೀಟಿನ ಇಂಧನ

2021ರ ಮಾರ್ಚ್ 28ರಂದು ಬೆಂಗಳೂರಿನಿಂದ ಓರ್ವಕಲ್ಲಿಗೆ ಇಂಡಿಗೋದ ಎಟಿಆರ್ ಹಾರಿ ಬಂದಾಗ ಕರ್ನೂಲು ಜಿಲ್ಲೆಗೆ ಟಿಕೆಟ್ ಕೊಂಡು ಹತ್ತುವ ವಿಮಾನ ಸಿಕ್ಕಿತು. ನೇರ ದಾರಿ ಸುಮಾರು 280 ಕಿಲೋಮೀಟರ್. ಎಪ್ಪತ್ತೆಂಟು ಸೀಟಿನ ಎಟಿಆರ್ ಇಷ್ಟು ದೂರಕ್ಕೆ ಅಂದಾಜು ಏಳುನೂರು ಲೀಟರ್ ಸುಡುತ್ತದೆ, ಸೀಟೊಂದಕ್ಕೆ ಒಂಬತ್ತು ಲೀಟರ್. ಅದೇ ದಾರಿಗೆ ಚಿಕ್ಕ ಖಾಸಗಿ ಜೆಟ್ಟಿಗೆ ಸಾಕಾಗುವುದು ಮುನ್ನೂರೈವತ್ತು ಲೀಟರಿನ ಆಸುಪಾಸು. ಎಟಿಆರ್‌ಗಿಂತ ಅರ್ಧ ಕಡಿಮೆಯಲ್ಲವೇ ಎನ್ನಬಹುದು. ಆದರೆ ಒಳಗಿರುವವರು ಇಬ್ಬರಾದರೆ ತಲೆಗೆ ನೂರೆಪ್ಪತ್ತೈದು. ಅವರನ್ನು ಇಳಿಸಿ ಜೆಟ್ ಖಾಲಿಯಾಗಿ ಮರಳಿದರೆ ಮುನ್ನೂರೈವತ್ತು. ಖಾಸಗಿ ಜೆಟ್ಟಿನ ಇಂಧನದ ಕಥೆ ಎಂಜಿನ್ನಿನದೆಂದು ಹೇಳುವುದು ರೂಢಿ. ನನ್ನ ಲೆಕ್ಕದಲ್ಲಿ ಅದು ಸೀಟಿನದು.

ಎಂಜಿನ್ ಸುಧಾರಿಸಿದ್ದು ನಿಜ. 1957ರಲ್ಲಿ ಮೊದಲ ಹಾರಾಟ ಕಂಡ ಲಾಕ್‌ಹೀಡ್ ಜೆಟ್‌ಸ್ಟಾರ್, 1963ರ ಲಿಯರ್‌ಜೆಟ್ 23 ಎರಡೂ ಟರ್ಬೋಜೆಟ್ ಕಾಲದವು. ಒಳಗೆಳೆದ ಗಾಳಿಯೆಲ್ಲ ಉರಿಯ ಮೂಲಕವೇ ಹಾದು ಭಾರೀ ವೇಗದಲ್ಲಿ ಹೊರಬೀಳುವ ಆ ವ್ಯವಸ್ಥೆಯಲ್ಲಿ ಸದ್ದೂ ಹೆಚ್ಚು, ಖರ್ಚೂ ಹೆಚ್ಚು. ಬಹುಪಾಲು ಗಾಳಿಯನ್ನು ಉರಿಯ ಸುತ್ತ ಬಳಸಿ ಹಾಯಿಸುವ ಟರ್ಬೋಫ್ಯಾನ್ ಎಪ್ಪತ್ತರ ದಶಕದಲ್ಲಿ ಚಿಕ್ಕ ಜೆಟ್ಟುಗಳಿಗೂ ಬಂತು: ಸೆಸ್ನಾ ಸೈಟೇಷನ್, ಅದರ ಬೆನ್ನಿಗೇ ಗ್ಯಾರೆಟ್ ಎಂಜಿನ್ನಿನ ಲಿಯರ್‌ಜೆಟ್ 35. 1973ರ ತೈಲ ಬಿಕ್ಕಟ್ಟು ಆ ಬದಲಾವಣೆಗೆ ಚಾಟಿ ಬೀಸಿತು. ಇಂದಿನ ಚಿಕ್ಕ ಜೆಟ್ ಗಂಟೆಗೆ ಐನೂರು ಲೀಟರಿನ ಸುತ್ತಮುತ್ತ ಸುಡುತ್ತದೆ. ಆದರೆ ಉಳಿಸಿದ್ದನ್ನು ಕೊಳ್ಳುವವರು ಉಳಿತಾಯವಾಗಿ ಇಟ್ಟುಕೊಳ್ಳಲಿಲ್ಲ. ಇನ್ನೂ ದೂರಕ್ಕೆ, ಇನ್ನೂ ದೊಡ್ಡ ಕ್ಯಾಬಿನ್ನಿಗೆ ಸುರಿದರು. 2012ರಲ್ಲಿ ಬಳಕೆಗೆ ಬಂದ ಗಲ್ಫ್‌ಸ್ಟ್ರೀಮ್ ಜಿ650 ಒಂದೇ ಹಾರಾಟದಲ್ಲಿ ಸುಮಾರು ಹದಿಮೂರು ಸಾವಿರ ಕಿಲೋಮೀಟರ್ ಸಾಗಬಲ್ಲದು. ಗಂಟೆಗೆ ಅದಕ್ಕೆ ಬೇಕಾಗುವುದು ಸಾವಿರದ ಏಳುನೂರು ಲೀಟರಿಗೂ ಮಿಕ್ಕಿ. ಅಂಥದ್ದೇ ವಿಮಾನ 280 ಕಿಲೋಮೀಟರಿಗೂ ಏರುತ್ತದೆ. ಮೇಲೇರುವಾಗಿನ ದುಬಾರಿ ಉರಿಯಲ್ಲೇ ಆ ಪ್ರಯಾಣದ ದೊಡ್ಡ ಪಾಲು ಮುಗಿದಿರುತ್ತದೆ. ಸ್ಟೆಫಾನ್ ಗೋಸ್ಲಿಂಗ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಗತ್ತಿನ ಖಾಸಗಿ ಹಾರಾಟಗಳಲ್ಲಿ ಶೇ. 47ರಷ್ಟು ಐನೂರು ಕಿಲೋಮೀಟರಿಗಿಂತ ಕಡಿಮೆ ದೂರದವು. 2019ರಿಂದ 2023ರೊಳಗೆ ಈ ವಿಮಾನಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಶೇ. 46ರಷ್ಟು ಏರಿತು.

ಬೆಲೆ ಏರಿದರೆ ಹಾರಾಟ ತಗ್ಗೀತು ಎಂಬ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. ದೆಹಲಿಯಲ್ಲಿ 2020ರ ಮೇನಲ್ಲಿ ಕಿಲೋಲೀಟರಿಗೆ ಸುಮಾರು 22 ಸಾವಿರ ರೂಪಾಯಿಯಿದ್ದ ವಿಮಾನ ಇಂಧನ, 2022ರ ಜೂನ್‌ನಲ್ಲಿ 1.41 ಲಕ್ಷ ಮುಟ್ಟಿತು. ಆರು ಪಟ್ಟು! ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ ಓರ್ವಕಲ್ ದಾರಿಯ ಚಿಕ್ಕ ಜೆಟ್ಟಿನ ಇಂಧನ ಮೂವತ್ತೈದು ಸಾವಿರ. ಪೈಲಟ್ ಸಂಬಳ, ಎಂಜಿನ್ ಓವರ್‌ಹಾಲ್, ಹ್ಯಾಂಗರ್ ಬಾಡಿಗೆ, ಸಾಲದ ಕಂತುಗಳ ಪಕ್ಕದಲ್ಲಿ ಅದು ಮಾಲೀಕನ ನಿದ್ದೆಗೆಡಿಸುವ ಮೊತ್ತವಲ್ಲ. ತೆರಿಗೆಯ ಕಥೆ ಇದಕ್ಕಿಂತ ವಿಚಿತ್ರ. ಕರ್ನೂಲು ಜಿಲ್ಲೆಯ ಆದೋನಿಯ ಹತ್ತಿ ಲಾರಿ ಆಂಧ್ರದಲ್ಲಿ ಡೀಸೆಲ್ ಹಾಕಿಸಿದರೆ ಶೇ. 22ಕ್ಕೂ ಹೆಚ್ಚು ವ್ಯಾಟ್, ಮೇಲೆ ಲೀಟರಿಗೆ ಇಷ್ಟೆಂದು ಬೇರೆ; ಹಾಗಾಗಿ ಗಡಿ ದಾಟಿ ಬಳ್ಳಾರಿ ಕಡೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸುವುದು ಲಾಭ. ವಿಮಾನ ಇಂಧನಕ್ಕೆ ಅದೇ ಆಂಧ್ರ ಹಾಕುವುದು ಶೇ. 1, ಕರ್ನಾಟಕದಲ್ಲಿ ಅದು ಎರಡಂಕಿ. ನೆಲದ ಮೇಲೆ ಕರ್ನಾಟಕ ಅಗ್ಗ, ಆಕಾಶಕ್ಕೆ ಆಂಧ್ರ ಅಗ್ಗ.

ಖಾಸಗಿ ಜೆಟ್ಟಿನ ಮೇಲಿನ ಈ ದೂರಿಗೆ ಆಕ್ಷೇಪಗಳಿವೆ. ಜಗತ್ತಿನ ಒಟ್ಟು ಹೊಗೆಯಲ್ಲಿ ಈ ಜೆಟ್ಟುಗಳದು ಚೂರುಪಾರು ಎನ್ನುತ್ತಾರೆ. ಒಪ್ಪೋಣ, 2023ರಲ್ಲಿ 1.56 ಕೋಟಿ ಟನ್. ಆದರೆ ಅದನ್ನು ಹಂಚಿಕೊಂಡದ್ದು ಸುಮಾರು 26 ಸಾವಿರ ವಿಮಾನ. ಒಂದೊಂದಕ್ಕೆ ಆರುನೂರು ಟನ್. ದೊಡ್ಡ ವಿಮಾನಸೇವೆಯಿಲ್ಲದ ಹಿಂದುಳಿದ ಊರುಗಳಿಗೆ ಬಂಡವಾಳ ತರುವುದು ಜೆಟ್ಟೇ ಎಂಬ ವಾದ ಇನ್ನಷ್ಟು ಗಟ್ಟಿಯದು. ಆದರೆ ಜೆಟ್ ಆದೋನಿಯಲ್ಲಿ ಇಳಿಯುವುದಿಲ್ಲ. ಓರ್ವಕಲ್ಲಿನಲ್ಲೋ ತೋರಣಗಲ್ಲಿನ ಜಿಂದಾಲ್ ನಿಲ್ದಾಣದಲ್ಲೋ ಇಳಿದು ನೂರು ಕಿಲೋಮೀಟರಿನಷ್ಟು ರಸ್ತೆ ಸವೆಸಬೇಕು; ಆಕಾಶದಲ್ಲಿ ಗಳಿಸಿದ ಸಮಯ ಅಲ್ಲಿ ಕರಗುತ್ತದೆ. ಇಂಥ ದೂರವನ್ನು ಗಂಟೆಗೆ ಇನ್ನೂರಮೂವತ್ತು ಲೀಟರಿನಲ್ಲಿ ಮುಗಿಸುವ ಪಿಲಾಟಸ್ ಪಿಸಿ-12ರಂಥ ಟರ್ಬೋಪ್ರಾಪ್ ಹತ್ತು ನಿಮಿಷ ತಡವಾಗಿ ತಲುಪಿಸೀತು, ಅಷ್ಟೆ. ರೋಗಿಯನ್ನು ಹೊತ್ತ ವಿಮಾನದ ಮಾತು ಬೇರೆ. ಟಿಕೆಟ್ ಮಾರುವ ವಿಮಾನಕ್ಕೆ ಒಂದು ಶೇಕಡಾ ಇರಲಿ, ಅದು ನ್ಯಾಯ. ಇಬ್ಬರಿಗಾಗಿ ಹಾರಿ ಖಾಲಿ ಮರಳುವ ಜೆಟ್ಟಿಗೆ ಆದೋನಿಯ ಹತ್ತಿ ಲಾರಿ ಕಟ್ಟುವ ದರವನ್ನೇ ಸರ್ಕಾರ ಹಾಕಲಿ.